ಸೂರಿನಡಿ ಉಳಿದ ಸ್ಟ್ರಾಬೆರಿ

2021ರ ಅಕ್ಟೋಬರಿನಲ್ಲಿ ಇನ್ನೂರು ಸ್ಟ್ರಾಬೆರಿ ಸಸಿ ತಂದು ಕಾಫಿ ಕಣದ ಪಕ್ಕ ಏರುಮಡಿ ಮಾಡಿ ನೆಟ್ಟೆ. ಜನವರಿಯಲ್ಲಿ ಹಣ್ಣೂ ಬಂತು. ಜೂನ್ ಮಳೆ ಹಿಡಿದದ್ದೇ ತಡ, ಜುಲೈ ಮುಗಿಯುವಾಗ ಒಂದೂ ಗಿಡ ಇಲ್ಲ. ಕಿತ್ತು ಸೀಳಿ ನೋಡಿದರೆ ಸುಳಿಯ ಬುಡವೆಲ್ಲ ಕಂದು, ಕೊಳೆತ ವಾಸನೆ. ಸಸಿ ದುಡ್ಡೂ ಹುಟ್ಟಲಿಲ್ಲ.

ತಪ್ಪು ನನ್ನದೇ. ಮಹಾಬಲೇಶ್ವರದಲ್ಲಿ ನಮಗಿಂತ ಜಾಸ್ತಿ ಮಳೆ. ಅಲ್ಲಿಯವರು ಮಳೆ ಕಳೆದ ಮೇಲೆ ನೆಡುತ್ತಾರೆ, ಸಸಿ ಬೆಳೆಸುವುದು ಘಟ್ಟದ ಕೆಳಗೆ ವಾಯಿ ಕಡೆ. ಇದು ಗೊತ್ತಾಗಿದ್ದು ಗಿಡ ಸತ್ತ ಮೇಲೆ!

ಅದೇ ವರ್ಷ ತಂಗಿ ಬೆಂಗಳೂರಿನಿಂದ ಆಲ್ಪೈನ್ ಸ್ಟ್ರಾಬೆರಿ ಬೀಜದ ಪೊಟ್ಟಣ ತಂದಳು. ಇದು ಯುರೋಪಿನ ಕಾಡಂಚಿನ ಗಿಡದ ಜಾತಿ. ಅರೆನೆರಳು ಸಾಕು. ಪೇಟೆ ಸ್ಟ್ರಾಬೆರಿಯ ಹಾಗೆ ಹಂಬು ಬಿಟ್ಟು ಹಬ್ಬುವುದಿಲ್ಲ, ಗುಪ್ಪೆಯಾಗಿ ನಿಲ್ಲುತ್ತದೆ. ಡಬ್ಬದಲ್ಲಿ ಬೆಳೆಸಲು ಹೇಳಿ ಮಾಡಿಸಿದ್ದು.

ಬೀಜ ರಾಗಿಗಿಂತಲೂ ಸಣ್ಣ. ಒದ್ದೆ ಕಾಗದದಲ್ಲಿ ಸುತ್ತಿ ಮೂರು ವಾರ ಫ್ರಿಜ್ಜಿನಲ್ಲಿಟ್ಟೆ. ಸೆಪ್ಟೆಂಬರಿನಲ್ಲಿ ಜರಡಿ ಹಿಡಿದ ಎಲೆಗೊಬ್ಬರ, ಮರಳಿನ ಮೇಲೆ ಉದುರಿಸಿದೆ. ಮಣ್ಣು ಮುಚ್ಚಬಾರದು, ಮೊಳೆಯಲು ಬೆಳಕು ಬೇಕು. ಮೇಲಿಂದ ನೀರು ಹೊಯ್ದರೆ ಬೀಜ ತೇಲಿ ಹೋಗುತ್ತದೆ. ತಟ್ಟೆಯಲ್ಲಿ ನೀರಿಟ್ಟು ಕೆಳಗಿಂದ ಕುಡಿಸಿದೆ. ಇಪ್ಪತ್ತು ದಿನಕ್ಕೆ ಮೊಳಕೆ.

ಎರಡು ತಿಂಗಳಿಗೆ ಹಳೆ ಎಣ್ಣೆ ಡಬ್ಬ, ಪೇಂಟ್ ಬಕೆಟ್‌ಗಳಿಗೆ ದಾಟಿಸಿದೆ. ತಳಕ್ಕೆ ತೂತು ಧಾರಾಳವಾಗಿರಲಿ. ಕೆಮ್ಮಣ್ಣು, ಮರಳು, ಹಳೆ ಸಗಣಿಗೊಬ್ಬರ ಸಮಸಮ. ಸುಳಿ ಮಣ್ಣಿನೊಳಗೆ ಹೂತರೆ ಕತೆ ಮುಗಿಯಿತು, ಮಣ್ಣಿನ ಮಟ್ಟದಲ್ಲೇ ನಿಲ್ಲಬೇಕು. ಡಬ್ಬಗಳನ್ನು ಪೂರ್ವದ ಸೂರಿನಡಿ ಇಟ್ಟೆ. ಬೆಳಗಿನ ಬಿಸಿಲು ಬೀಳುತ್ತದೆ. ಮಳೆಗಾಲಕ್ಕೆ ಸೂರಿನ ನೀರು, ಇರಚಲು ಎರಡೂ ತಾಗದಂತೆ ಗೋಡೆಗೆ ಒತ್ತಿಟ್ಟೆ.

2023ರಲ್ಲಿ ಮಳೆ ಕಮ್ಮಿ, ಅದನ್ನು ಪರೀಕ್ಷೆ ಅನ್ನುವಂತಿಲ್ಲ. ಶಿರಾಡಿ ದಾರಿಯಲ್ಲಿ ಗುಡ್ಡ ಕುಸಿದ 2024ರ ಜುಲೈ ಮಳೆಯಲ್ಲೂ ಇಪ್ಪತ್ತೆರಡರಲ್ಲಿ ಹದಿನೆಂಟು ಗಿಡ ಬದುಕಿದವು. ಸತ್ತ ನಾಲ್ಕೂ ಇರಚಲು ಬಡಿದ ಮೂಲೆಯವು.

ಹಣ್ಣು ಉಗುರಿನಷ್ಟು. ಪರಿಮಳ ಮಾತ್ರ ಜಗಲಿಗೇ ಬರುತ್ತದೆ. ಪಿಕಳಾರಕ್ಕೂ ಗೊತ್ತಾಗುತ್ತದೆ, ಹಳೆ ಸೊಳ್ಳೆಪರದೆ ಹೊದಿಸಿದ್ದೇನೆ. ವಾರಕ್ಕೆರಡು ಸಲ ಒಂದೊಂದು ಬೊಗಸೆ. ಆಸೆಗೆ ಒಂದು ಡಬ್ಬಿ ತುಂಬಿ ಬಸ್ಸಿನಲ್ಲಿ ಸಕಲೇಶಪುರದ ಬೇಕರಿಗೆ ಒಯ್ದೆ. ಮುಚ್ಚಳ ತೆಗೆದರೆ ಗೊಜ್ಜು! "ಮಾರೋಕಲ್ಲ ಕಣಪ್ಪ, ಮಕ್ಕಳಿಗೆ" ಎಂದು ಅವ್ವ ನಕ್ಕಳು. ಸರಿಯೇ, ಕಿತ್ತ ದಿನವೇ ತಿನ್ನಬೇಕಾದ ಹಣ್ಣಿದು. ಮಾರುವ ಲೆಕ್ಕಕ್ಕೆ ಯಾರೂ ಹಾಕಬೇಡಿ.

ಸಸಿ ಕೊಳ್ಳುವವರು ಹೂ ನೋಡಿ ಕೊಳ್ಳಿ. ಬಿಳಿಯಿರಬೇಕು. ಒಂದು ನರ್ಸರಿಯಲ್ಲಿ ನನಗೆ ಕೊಟ್ಟದ್ದು ಹಳದಿ ಹೂ ಬಿಟ್ಟಿತು. ಹಣ್ಣು ಕೆಂಪಗೆ ಚೆಂದ, ರುಚಿ ಬರೀ ನೀರು. ಅದು ಸ್ಟ್ರಾಬೆರಿಯೇ ಅಲ್ಲ, ಅದರಂತೆ ಕಾಣುವ ಬೇರೆ ಗಿಡ.

ಗಿಡಕ್ಕೆ ಮೂರು ವರ್ಷವಾದರೆ ಫಸಲು ಇಳಿಯುತ್ತದೆ, ಬುಡ ಸೀಳಿ ಮರುನಾಟಿ ಮಾಡಬಹುದು. ಹಣ್ಣನ್ನು ಕಾಗದದ ಮೇಲೆ ಒಣಗಿಸಿ ಬೀಜವನ್ನೂ ಉದುರಿಸಿಟ್ಟಿದ್ದೇನೆ. ಬರುವ ಸೆಪ್ಟೆಂಬರಿಗೆ ಆಲೂರಿನ ಭಾವನ ಹಿತ್ತಲಲ್ಲಿ ಬಿತ್ತುವುದಿದೆ. ಅಲ್ಲಿ ನಮ್ಮಷ್ಟು ಮಳೆಯಿಲ್ಲ. ನೆಲದಲ್ಲೇ ನಿಂತೀತೋ ನೋಡಬೇಕು.