ಸ್ಕೋಪ್ ಎಲ್ಲಿ ಕೂರಬೇಕು? ಕಣ್ಣನ್ನು ಕೇಳಿ

ಪೆನ್ಸಿಲ್ವೇನಿಯಾದಲ್ಲಿ ರೈಫಲ್ಲಿನಿಂದ ಜಿಂಕೆ ಬೇಟೆಯಾಡುವ ಸೀಸನ್ ಶುರುವಾಗುವುದು ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಶನಿವಾರ. ಅದಕ್ಕೆ ಮೊದಲ ಕೆಲವು ವಾರ ನಮ್ಮೂರಿನ ಶೂಟಿಂಗ್ ಕ್ಲಬ್ಬಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವರ್ಷವಿಡೀ ಕಪಾಟಿನಲ್ಲಿದ್ದ ರೈಫಲ್ ಹೊರತೆಗೆದು, ಗುರಿ ನೆಟ್ಟಗಿದೆಯೇ ಎಂದು ಪರೀಕ್ಷಿಸಲು ರೈತರು, ಮೇಷ್ಟ್ರುಗಳು, ನಿವೃತ್ತರು ಎಲ್ಲರೂ ಬರುತ್ತಾರೆ. ಕೊಡಗಿನಲ್ಲಿ ಹುಟ್ಟಿದ ನಾನು ಇಲ್ಲಿ ಹೊಟ್ಟೆಪಾಡಿಗೆ ಲೇತ್ ಕೆಲಸ ಮಾಡುವವನು. ಹಾಗಾಗಿ ಸ್ಕ್ರೂ, ರಿಂಗ್, ರೈಲ್‌ಗಳ ಪಂಚಾಯ್ತಿಯೆಲ್ಲ ನನ್ನ ಮೇಜಿಗೇ ಬರುತ್ತದೆ. ಈಚೆಗೆ ಹೆಚ್ಚು ಕೇಳಿಬರುವ ಪ್ರಶ್ನೆ ಒಂದೇ: "ಉದ್ದದ ರೈಲ್ ಹಾಕಿಸಲೇ?"

ರೈಲ್ ಎಂದರೆ ರೈಫಲ್ಲಿನ ಬೆನ್ನ ಮೇಲೆ ಸ್ಕ್ರೂ ಹಾಕಿ ಕೂರಿಸುವ, ಅಡ್ಡ ತೋಡುಗಳಿರುವ ಲೋಹದ ಪಟ್ಟಿ. ಅದರ ಮೇಲೆ ಎರಡು ರಿಂಗ್, ರಿಂಗಿನೊಳಗೆ ಸ್ಕೋಪ್. ನ್ಯೂಜೆರ್ಸಿಯ ಪಿಕಟಿನಿ ಆರ್ಸೆನಲ್ ಹೆಸರಿನ ರೈಲಿಗೆ ಅಮೆರಿಕದ ಸೇನೆ 1995ರಲ್ಲಿ ಅಳತೆ ಗೊತ್ತುಮಾಡಿತು: ತೋಡಿನ ಅಗಲ 5.23 ಮಿ.ಮೀ., ಒಂದರ ನಡುವಿನಿಂದ ಮುಂದಿನದರ ನಡುವಿಗೆ ಸುಮಾರು 10 ಮಿ.ಮೀ. ಅದಕ್ಕಿಂತ ಹಳೆಯ ವೀವರ್ ಮಾದರಿಯಲ್ಲಿ ತೋಡು ಇನ್ನೂ ಕಿರಿದು. ವೀವರ್ ರಿಂಗ್ ಪಿಕಟಿನಿಯಲ್ಲಿ ಕೂರುತ್ತದೆ. ಪಿಕಟಿನಿ ರಿಂಗ್ ವೀವರ್‌ನಲ್ಲಿ ಸಾಮಾನ್ಯವಾಗಿ ಕೂರುವುದಿಲ್ಲ. ಹಳೇ ರಿಂಗ್ ಕೈಯಲ್ಲಿಟ್ಟುಕೊಂಡು ಹೊಸ ರೈಲ್ ಕೊಳ್ಳುವವರು ಇದನ್ನು ಮೊದಲು ನೋಡಬೇಕು.

ಉದ್ದದ ಮಾತು ಏಕೆ ಬರುತ್ತದೆ? ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವುದು ಬರಿಗಣ್ಣಿನಲ್ಲಿ. ಕೋವಿಯ ಗುರಿಯೂ ಕಾಯಿಯೂ ಒಂದೇ ಗೆರೆಗೆ ಬಂದರಾಯಿತು. ಕೆನ್ನೆ ಒಂದಿಂಚು ಹಿಂದಿದ್ದರೂ ಮುಂದಿದ್ದರೂ ನಡೆಯುತ್ತದೆ. ಸ್ಕೋಪ್ ಈ ಸಲಿಗೆ ಕೊಡುವುದಿಲ್ಲ. ಬೇಟೆಯ ಸ್ಕೋಪಿನ ಹಿಂಗಾಜಿನಿಂದ ಸಾಮಾನ್ಯವಾಗಿ ಮೂರರಿಂದ ನಾಲ್ಕಿಂಚು ದೂರದಲ್ಲಿ ಕಣ್ಣಿರಬೇಕು. ಆ ದೂರ ತಪ್ಪಿದರೆ ಚಿತ್ರದ ಅಂಚಿಗೆ ಕರಿ ನೆರಳು ಕವಿಯುತ್ತದೆ. ತೀರ ಹತ್ತಿರವಿದ್ದರೆ ರೈಫಲ್ ಒದ್ದಾಗ ಸ್ಕೋಪಿನ ಅಂಚು ಹುಬ್ಬು ಸೀಳುತ್ತದೆ. ಸೀಸನ್ನಿನಲ್ಲಿ ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯ ಹೊತ್ತವರು ಒಬ್ಬಿಬ್ಬರಾದರೂ ಸಿಕ್ಕೇ ಸಿಗುತ್ತಾರೆ.

ಆದ್ದರಿಂದ ನಾನು ಮೊದಲು ಮಾಡಿಸುವುದು ಅಳತೆ. ರೈಫಲ್ ಖಾಲಿಯಿದೆಯೆಂದು ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ಖಾತ್ರಿ ಮಾಡಿಕೊಳ್ಳಿ. ಕಾಡಿಗೆ ಹೋಗುವಾಗಿನ ದಪ್ಪ ಜಾಕೆಟ್ಟನ್ನೇ ತೊಡಿ. ಅಂಗಿಯಲ್ಲಿ ಅಳೆದದ್ದು ಜಾಕೆಟ್ಟಿನಲ್ಲಿ ಸುಳ್ಳಾಗುತ್ತದೆ. ಸ್ಕೋಪನ್ನು ಅತಿ ಹೆಚ್ಚು ದೊಡ್ಡದಾಗಿ ತೋರಿಸುವ ಅಂಕಿಗೆ ತಿರುಗಿಸಿ, ಏಕೆಂದರೆ ಕಣ್ಣಿಗೆ ಸಿಗುವ ಜಾಗ ಅಲ್ಲಿ ಕಡಿಮೆ. ಕಣ್ಣು ಮುಚ್ಚಿ ರೈಫಲ್ಲನ್ನು ಭುಜಕ್ಕೆ ತಂದು, ಕೆನ್ನೆ ಆರಾಮಾಗಿ ಕೂತ ಮೇಲೆ ಕಣ್ಣು ತೆರೆಯಿರಿ. ಚಿತ್ರ ತುಂಬಿ ಕಂಡರೆ ಸರಿ. ಕುತ್ತಿಗೆ ಎಳೆಯಬೇಕಾಗಿ ಬಂದರೆ ಸ್ಕೋಪ್ ಎತ್ತ ಸರಿಯಬೇಕು, ಎಷ್ಟು ಸರಿಯಬೇಕು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಪಕ್ಕದ ಹಳ್ಳಿಯ ರೈತರೊಬ್ಬರದು ಆರಡಿ ದಾಟಿದ ದೇಹ, .30-06 ತೋಟಾದ ರೆಮಿಂಗ್ಟನ್ 700. ರೈಲಿನ ಬದಲು ಮುಂದೊಂದು ಹಿಂದೊಂದು ಬಿಡಿ ಬೇಸ್, ಮೇಲೆ ಹೊಸ ಗಿಡ್ಡ ಸ್ಕೋಪ್. ಸ್ಕೋಪನ್ನು ಮುಂದಕ್ಕೆ ತಳ್ಳೋಣವೆಂದರೆ ಅದರ ಹಿಂಬದಿಯ ದಪ್ಪ ಭಾಗ ಹಿಂದಿನ ರಿಂಗಿಗೆ ಬಡಿದು ನಿಲ್ಲುತ್ತಿತ್ತು. ಉದ್ದದ ರೈಲೇ ಗತಿ ಎಂದುಕೊಂಡಿದ್ದರು. ಕ್ಲಬ್ಬಿನಲ್ಲಿದ್ದ ಮಾಮೂಲಿ ಉದ್ದದ ಒಂದೇ ತುಂಡಿನ ರೈಲ್ ಕೂರಿಸಿ ನೋಡಿದೆವು. ಹಿಂದಿನ ರಿಂಗ್ ಎರಡು ತೋಡು, ಎಂದರೆ ಎರಡು ಸೆಂಟಿಮೀಟರ್, ಮುಂದೆ ಬಂತು, ಅಷ್ಟು ಸಾಕಾಯಿತು. ಅದೇ ಕ್ಲಬ್ಬಿನಲ್ಲಿ ಮಲಗಿ 600 ಗಜಕ್ಕೆ ಹೊಡೆಯುವ ಗೆಳತಿಯೊಬ್ಬಳಿದ್ದಾಳೆ. ಮಲಗಿದಾಗ ತಲೆ ತಾನಾಗಿ ಮುಂದೆ ಹೋಗುತ್ತದೆ. ಅವಳ ಸ್ಕೋಪನ್ನೂ ಮುಂದೆ ಸರಿಸಲು ಹೋದರೆ ತಿರುಗಣೆಗಳಿರುವ ನಡುಭಾಗವೇ ಮುಂದಿನ ರಿಂಗಿಗೆ ಅಡ್ಡ ಬರುತ್ತಿತ್ತು. ಅವಳಿಗೆ ನಳಿಗೆಯ ಮೇಲೆ ಚಾಚುವ ಉದ್ದದ ರೈಲೇ ಬೇಕಾಯಿತು. ರಾತ್ರಿ ನೋಟದ ಸಾಧನವನ್ನು ಸ್ಕೋಪಿನ ಮುಂದೆ ಸಿಕ್ಕಿಸುವವರಿಗೂ ಇದೇ ಸರಿ.

ಮಿಕ್ಕವರಿಗೆ ಉದ್ದ ಎಂದರೆ ಸಾಲದ ಹಾಗೆ, ಬಡ್ಡಿ ಬೇರೆ ಕಡೆಯಿಂದ ಬರುತ್ತದೆ. 50 ಮಿ.ಮೀ. ಮುಂಗಾಜಿನ ಸ್ಕೋಪಿನ ಅಗಲ ಬಾಯಿ ಚಾಚಿದ ರೈಲಿಗೆ ತಾಗುತ್ತದೆ. ತಾಗದಿರಲು ಎತ್ತರದ ರಿಂಗ್ ಬೇಕು. ಸ್ಕೋಪ್ ಎತ್ತರವಾದರೆ ಕೆನ್ನೆ ರೈಫಲ್ಲಿನ ಮರದ ಹಿಡಿಯಿಂದ ಮೇಲೇಳುತ್ತದೆ, ಕೆನ್ನೆಗೆ ಆಸರೆ ತಪ್ಪಿದರೆ ಕಣ್ಣು ಪ್ರತಿ ಸಲವೂ ಬೇರೆ ಜಾಗಕ್ಕೆ ಬರುತ್ತದೆ. ಯಾವುದನ್ನು ಸರಿಮಾಡಲು ಹೊರಟೆವೋ ಅದೇ ಕೆಟ್ಟಿತು. ಚಾಚಿದ ತುದಿ ನಳಿಗೆಗೆ ತಾಗಲೂಬಾರದು. ಒಂದು ಡಾಲರ್ ನೋಟನ್ನು ನಡುವೆ ತೂರಿಸಿ ಎಳೆಯುತ್ತೇನೆ. ಎಲ್ಲೂ ಸಿಕ್ಕಿಕೊಳ್ಳದೆ ಜಾರಬೇಕು. ಸಾಕಷ್ಟು ಗುಂಡು ಹೊಡೆದು ನಳಿಗೆ ಕಾದಾಗ ಈ ಸಂದು ಸಾಲದೆ ಹೋದರೆ ಗುಂಡು ಬೀಳುವ ಜಾಗವೂ ಅಲುಗಾಡುತ್ತದೆ.

ಪೆಟ್ಟಿಗೆಯ ಮೇಲೆ "20 ಎಂಒಎ" ಎಂದಿದ್ದರೆ ಆ ರೈಲ್ ಮುಂದಕ್ಕೆ ಕೊಂಚ ಇಳಿಜಾರಾಗಿರುತ್ತದೆ. ಒಂದು ಎಂಒಎ ಎಂದರೆ ಡಿಗ್ರಿಯ 60ನೇ ಒಂದು ಪಾಲು. 100 ಗಜದಲ್ಲಿ ಸುಮಾರು ಒಂದಿಂಚು. ಅಷ್ಟು ದೂರದಲ್ಲಿ 20 ಎಂಒಎ ಹತ್ತಿರಹತ್ತಿರ 21 ಇಂಚು. ಸಾವಿರ ಗಜಕ್ಕೆ ಹೊಡೆಯುವವರಿಗೆ ಇದು ವರ. ಇನ್ನೂರು ಗಜದೊಳಗೆ ಹೊಡೆಯುವ ಬೇಟೆಗಾರನ ಸ್ಕೋಪಿನಲ್ಲಿ ಒಳಹೊಂದಾಣಿಕೆ ಕಡಿಮೆಯಿದ್ದರೆ 100 ಗಜದ ಗುರಿಯೇ ಕೂಡಿಬರುವುದಿಲ್ಲ. ಅಂಥವರಿಗೆ ಇಳಿಜಾರಿಲ್ಲದ ರೈಲೇ ಕ್ಷೇಮ.

ಕೂರಿಸುವಾಗ ಎಣ್ಣೆ ಒರೆಸಿ, ತಯಾರಕರು ಹೇಳಿದಷ್ಟೇ ಬಿಗಿಯನ್ನು ಟಾರ್ಕ್ ವ್ರೆಂಚಿನಲ್ಲಿ ಕೊಡಿ, ಕೈಯಂದಾಜು ಬೇಡ. ರೆಮಿಂಗ್ಟನ್ 700ರಲ್ಲಿ ಸ್ಕ್ರೂ ಒಂದಿಷ್ಟು ಉದ್ದವಾದರೂ ಒಳಗೆ ಬೋಲ್ಟಿಗೆ ಅಡ್ಡ ಬರಬಹುದು. ಸ್ಕ್ರೂ ಹಾಕಿದ ಮೇಲೆ ಖಾಲಿ ರೈಫಲ್ಲಿನ ಬೋಲ್ಟನ್ನು ತೆರೆದು ಮುಚ್ಚಿ. ಮೊದಲಿನಷ್ಟೇ ಸರಾಗವಾಗಿ ಆಡಬೇಕು.

ಹೋದ ವಾರವೂ ಒಬ್ಬರು ರೈಲಿನ ಚಿತ್ರವನ್ನು ಫೋನಿನಲ್ಲಿ ಹಿಡಿದು ಬಂದಿದ್ದರು. ರೈಫಲ್ ತಂದಿರಲಿಲ್ಲ. ಶನಿವಾರ ಅದನ್ನೂ ಜಾಕೆಟ್ಟನ್ನೂ ತನ್ನಿ, ಅಲ್ಲಿಯವರೆಗೆ ದುಡ್ಡು ಜೇಬಿನಲ್ಲೇ ಇರಲಿ ಎಂದು ಹೇಳಿ ಕಳಿಸಿದೆ.