ಬಾಣಂತಿಯ ಮನಸ್ಸು ಮತ್ತು ಶಾಸನ

1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸವಾರಂಭಿಸಿದ ಮೇಲೆ ಭದ್ರಾವತಿ ಕಾರ್ಮಿಕರ ಊರಾಯಿತು. ಇಂಥ ಊರುಗಳ ದುಡಿಯುವ ಹೆಂಗಸರಿಗೆ ದೊರೆತ ರಕ್ಷಣೆಯನ್ನು ಪರಿಶೀಲಿಸಿದರೆ, ಶಾಸನವು ಎಣಿಸಿದ್ದು ದಿನಗಳನ್ನು ಮತ್ತು ಕೂಲಿಯನ್ನು ಎಂಬುದು ವ್ಯಕ್ತವಾಗುತ್ತದೆ. 1961ರ ಹೆರಿಗೆ ಸೌಲಭ್ಯ ಅಧಿನಿಯಮವು 12 ವಾರಗಳ ಸಂಬಳಸಹಿತ ರಜೆಯನ್ನು ವಿಧಿಸಿತು. 2017ರ ತಿದ್ದುಪಡಿಯು ಮೊದಲೆರಡು ಮಕ್ಕಳಿಗೆ ಅದನ್ನು 26 ವಾರಗಳಿಗೆ ಏರಿಸಿತು. ತಾಯಿಯ ಮನಸ್ಸನ್ನು ವಿಚಾರಿಸಬೇಕೆಂಬ ವಿಧಿ ಎರಡರಲ್ಲಿಯೂ ಇರಲಿಲ್ಲ.

ಅದೇ 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು, ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಕೂಡದೆನ್ನುತ್ತದೆ. ಇದು ಸ್ತುತ್ಯವೇ, ಆದರೆ ಆಕೆ ಆಸ್ಪತ್ರೆ ಸೇರಿದ ಮೇಲಿನ ಮಾತು. ಅದಕ್ಕೆ ಮುಂಚಿನ ಹಂತವನ್ನು ಅಮೆರಿಕದ ನ್ಯೂಜೆರ್ಸಿ ಸಂಸ್ಥಾನವು 2006ರಲ್ಲಿ ಕೈಗೆತ್ತಿಕೊಂಡು, ಹೆತ್ತ ತಾಯಂದಿರಲ್ಲಿ ಖಿನ್ನತೆಯುಂಟೇ ಎಂದು ಪರೀಕ್ಷಿಸುವುದನ್ನು ಕಡ್ಡಾಯಗೊಳಿಸಿತು. ಇದಕ್ಕೆ ಬೇಕಾದ ಸಾಧನ ದುಬಾರಿಯದಲ್ಲ. 1987ರಲ್ಲಿ ಪ್ರಕಟವಾದ ಎಡಿನ್‌ಬರೋ ಮಾಪಕದಲ್ಲಿರುವುದು 10 ಪ್ರಶ್ನೆಗಳು ಮಾತ್ರ. ಅದು ರೋಗನಿರ್ಣಯವಲ್ಲ, ಯಾರನ್ನು ವೈದ್ಯರು ಮತ್ತೆ ಕಾಣಬೇಕೆಂಬುದರ ಸೂಚನೆ.

ನಮ್ಮ ಮನೆಗಳಲ್ಲಿ ಬಾಣಂತನವೆಂದರೆ ಎಣ್ಣೆನೀರು, ಪಥ್ಯ, ನಂಜಿನ ಭಯ. ಅಳುವ ಬಾಣಂತಿಗೆ ದೊರೆಯುವುದು ಕಣ್ಣೀರು ಹಾಕಬಾರದೆಂಬ ಬುದ್ಧಿಮಾತು. ಆಕೆಯನ್ನು ಕೇಳುವವರು ಬೇಕು. ಕೇಳಿದ ಮೇಲೆ ಉತ್ತರಕ್ಕೆ ಹೊಣೆಯಾಗುವವರೂ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗಿರಿಸಿ ಚಿಕಿತ್ಸೆ ನೀಡುವ ವಿಭಾಗವಿದೆ; ಆದರೆ ಭದ್ರಾವತಿಯವಳಿಗೆ ಅದು ದೂರ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಹತ್ತಿರ. ಆದಕಾರಣ ಇಂಥ ವಿಧಿ ಬರುವುದಾದರೆ, ಮಗುವನ್ನು ಚುಚ್ಚುಮದ್ದಿಗೆ ತಂದ ದಿನವೇ ತಾಯಿಯನ್ನು ವಿಚಾರಿಸುವಂತೆಯೂ, ಅಗತ್ಯವಿದ್ದವಳನ್ನು ಮೆಗ್ಗಾನ್‌ಗೆ ತಲಪಿಸುವಂತೆಯೂ ಇರಬೇಕು. ಎರಡನೆಯದಿಲ್ಲದ ಮೊದಲನೆಯದು ಬರಿಯ ಕಾಗದದ ಶಾಸನವೆಂದೇ ನಮ್ಮ ಅಭಿಪ್ರಾಯ.