ಓಲೆಗರಿಯಿಂದ ಜಾಲತಾಣಕ್ಕೆ

ಕಡೂರು ತಾಲ್ಲೂಕಿನ ದೇವನೂರು ದೊಡ್ಡ ಊರೇನೂ ಅಲ್ಲ. ಆದರೂ ಕನ್ನಡ ಕಾವ್ಯವನ್ನು ಬಲ್ಲವರಿಗೆ ಅದರ ಹೆಸರು ಹೊಸದಲ್ಲ. ಜೈಮಿನಿ ಭಾರತವನ್ನು ರಚಿಸಿದ ಲಕ್ಷ್ಮೀಶ ಕವಿಯ ಊರು ಇದೇ ಎಂಬುದು ಹಲವು ವಿದ್ವಾಂಸರ ಮತ. ಕವಿಯ ಆರಾಧ್ಯದೈವವಾದ ಲಕ್ಷ್ಮೀಕಾಂತನ ದೇವಾಲಯವು ಇಂದಿಗೂ ಅಲ್ಲಿದೆ. ವಾರ್ಧಕ ಷಟ್ಪದಿಯ ಆ ಕಾವ್ಯವು ಅಚ್ಚಿನ ಯಂತ್ರವು ನಮ್ಮ ನಾಡಿಗೆ ಬರುವ ಮುನ್ನವೇ ಎಷ್ಟೋ ಹಳ್ಳಿಗಳನ್ನು ತಲುಪಿತ್ತು. ಒಬ್ಬ ಲಿಪಿಕಾರನು ಓಲೆಗರಿಯ ಮೇಲೆ ಕಂಠದಿಂದ ಕೊರೆದುದನ್ನು ಇನ್ನೊಬ್ಬನು ಪ್ರತಿ ಮಾಡಿಕೊಂಡನು. ಅದನ್ನು ಗಮಕಿಯು ಚಾವಡಿಯಲ್ಲಿ ಕುಳಿತು ಓದಿದನು. ಅಕ್ಷರ ಬಾರದವರೂ ಕೇಳಿ ಆನಂದಿಸಿದರು.

ಈ ವ್ಯವಸ್ಥೆಯು ನಡೆಯಬೇಕಾದರೆ ಮೂರು ಸಂಗತಿಗಳು ಅಗತ್ಯವಾಗಿದ್ದುವು. ಬರೆದವನ ಅಕ್ಷರವನ್ನು ಓದುವವನೂ ಅದೇ ಅಕ್ಷರವೆಂದು ಗುರುತಿಸಬೇಕು. ಪ್ರತಿ ಮಾಡುವಾಗ ತಪ್ಪು ನುಸುಳಬಾರದು; ನುಸುಳಿದರೂ ಅದನ್ನು ಕಂಡುಹಿಡಿಯುವ ಉಪಾಯವಿರಬೇಕು. ಕೊನೆಯದಾಗಿ, ಯಾರಾದರೂ ಪ್ರತಿಯನ್ನು ಜೋಪಾನವಾಗಿ ಇಟ್ಟಿರಬೇಕು. ಇಂದು ಜಾಲತಾಣದ ಮೂಲಕ ಪಾಠ ಹೇಳಹೊರಟವನಿಗೂ ಈ ಮೂರೇ ಸಂಗತಿಗಳು ಎದುರಾಗುತ್ತವೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ನನಗೆ ಅದು ತಿಳಿದುದು ಸ್ವಂತ ತಪ್ಪಿನಿಂದ.

ಯಾವ ಭಾಷೆಯ ಪಾಠ?

ಭೌತವಿಜ್ಞಾನವನ್ನು ಬೋಧಿಸುವ ನಾನು, ಕೆಲವು ವರ್ಷಗಳ ಹಿಂದೆ ಎರಡು ಬೇಸಿಗೆಯ ರಜೆಗಳನ್ನು ಕಳೆದು ಕಂಪ್ಯೂಟರಿನ ಪರಿಚಯ, ಕನ್ನಡದ ಬೆರಳಚ್ಚು, ಸ್ವಂತ ಬ್ಲಾಗನ್ನು ಬರೆಯುವ ಕ್ರಮ ಇವುಗಳನ್ನು ಕುರಿತು ಕೆಲವು ಪಾಠಗಳನ್ನು ಸಿದ್ಧಪಡಿಸಿ ಒಂದು ಚಿಕ್ಕ ಜಾಲತಾಣದಲ್ಲಿ ಇರಿಸಿದೆನು. ನನ್ನ ಮೇಜಿನ ಮೇಲಿದ್ದ ಯಂತ್ರದಲ್ಲಿ ಅವು ಅಚ್ಚುಕಟ್ಟಾಗಿ ಕಾಣುತ್ತಿದ್ದುವು. ತಿಂಗಳ ಬಳಿಕ ದೇವನೂರಿನ ಕಡೆಯಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಿದ್ದ ವಿದ್ಯಾರ್ಥಿಯೊಬ್ಬನು ತನ್ನ ತಂದೆಯ ಮೊಬೈಲನ್ನು ನನ್ನ ಮುಂದೆ ಹಿಡಿದು, "ಸಾರ್, ತಪ್ಪು ತಿಳಿಯಬೇಡಿ, ಈ ಪಾಠ ಯಾವ ಭಾಷೆಯಲ್ಲಿದೆ?" ಎಂದು ಕೇಳಿದನು. ನೋಡಿದರೆ ಅಲ್ಲಿ ಒಂದಾದರೂ ಕನ್ನಡದ ಅಕ್ಷರವಿರಲಿಲ್ಲ. ತಲೆಯ ಮೇಲೆ ಗೆರೆ ಚುಕ್ಕೆಗಳನ್ನು ಹೊತ್ತ ರೋಮನ್ ಅಕ್ಷರಗಳು ಪುಟದ ತುಂಬ ಹರಡಿಕೊಂಡಿದ್ದುವು. ಯಾರಿಗಾಗಿ ಎರಡು ಬೇಸಿಗೆ ದುಡಿದೆನೋ ಅವರಲ್ಲಿ ಒಬ್ಬರಿಗೂ ಒಂದು ಸಾಲೂ ತಲುಪಿರಲಿಲ್ಲ.

ಇದಕ್ಕೆ ಕಾರಣವೇನೆಂಬುದನ್ನು ತಿಳಿಯಲು ಯಂತ್ರವು ಅಕ್ಷರವನ್ನು ಹೇಗೆ ಗ್ರಹಿಸುತ್ತದೆಂಬುದನ್ನು ನೋಡಬೇಕು. ಕಂಪ್ಯೂಟರಿಗೆ ಅಕ್ಷರವೆಂಬುದೇ ತಿಳಿಯದು; ತಿಳಿಯುವುದು ಸಂಖ್ಯೆ ಮಾತ್ರ. ಆ ಸಂಖ್ಯೆಯೂ ಸೊನ್ನೆ, ಒಂದು ಎಂಬ ಎರಡೇ ಅಂಕಗಳಿಂದ ಆದುದು. 1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಎಂಬ ಸಂಕೇತ ಪದ್ಧತಿಯಲ್ಲಿ ಏಳು ಅಂಕಗಳ ಸ್ಥಾನವಿತ್ತು. ಅಂದರೆ 128 ಸಂಖ್ಯೆಗಳು. ಇಂಗ್ಲಿಷಿನ ದೊಡ್ಡ 'ಎ' ಅಕ್ಷರಕ್ಕೆ 65 ಎಂಬುದು ಸಂಕೇತ. ಮುಂದೆ ಎಂಟು ಅಂಕಗಳ ಬೈಟು ರೂಢಿಗೆ ಬಂದಾಗ 256 ಸ್ಥಾನಗಳಾದುವು. ಅವುಗಳಲ್ಲಿ ಮೊದಲರ್ಧವನ್ನು ಇಂಗ್ಲಿಷೂ ಉಳಿದರ್ಧವನ್ನು ಯೂರೋಪಿನ ಇತರ ಭಾಷೆಗಳ ವಿಶೇಷಾಕ್ಷರಗಳೂ ಆಕ್ರಮಿಸಿದುವು. ಕನ್ನಡಕ್ಕೆ ಜಾಗವೇ ಇರಲಿಲ್ಲ.

ನಮ್ಮವರು ಅದಕ್ಕೊಂದು ಉಪಾಯವನ್ನು ಕಂಡುಕೊಂಡರು. ಫ್ರೆಂಚ್, ಜರ್ಮನ್ ಅಕ್ಷರಗಳ ಸಂಖ್ಯೆಗಳನ್ನೇ ಬಳಸಿ, ಅವುಗಳ ಚಿತ್ರಗಳಿಗೆ ಬದಲಾಗಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಫಾಂಟಿನಲ್ಲಿ ಕೂರಿಸಿದರು. ಆ ಫಾಂಟು ಇರುವ ಯಂತ್ರದಲ್ಲಿ ಕನ್ನಡ ಕಾಣುತ್ತದೆ. ಇಲ್ಲದ ಯಂತ್ರದಲ್ಲಿ ಆ ಸಂಖ್ಯೆಗಳ ಮೂಲರೂಪವಾದ ರೋಮನ್ ಅಕ್ಷರಗಳು ಕಾಣುತ್ತವೆ. ನಾನು ಬಳಸಿದುದು ಇಂಥ ಹಳೆಯ ಫಾಂಟೊಂದನ್ನು. ಬೇಡನು ಮುನಿವೇಷ ಧರಿಸಿದಂತೆ, ವೇಷ ಕಳಚಿದೊಡನೆ ನಿಜರೂಪ ಹೊರಬಿದ್ದಿತ್ತು.

ಆದರೂ ಅಂದಿನವರ ಸಾಹಸವನ್ನು ಕಡೆಗಣಿಸಲಾಗದು. ಅದೇ ಇಕ್ಕಟ್ಟಿನಲ್ಲಿ 1996ರಲ್ಲಿ ಡಾ. ಯು.ಬಿ. ಪವನಜರವರು 'ವಿಶ್ವಕನ್ನಡ'ವನ್ನು ಆರಂಭಿಸಿದರು; ಅದನ್ನು ಕನ್ನಡದ ಮೊದಲ ಜಾಲತಾಣವೆಂದು ಹೇಳುವುದುಂಟು. ಕಿನ್ನಿಕಂಬಳದ ಕೆ.ಪಿ. ರಾಯರು ಕನ್ನಡದ ಧ್ವನಿಕ್ರಮಕ್ಕೆ ಹೊಂದುವ ಕೀಲಿಮಣೆಯನ್ನು ರೂಪಿಸಿದರು. ಕರ್ನಾಟಕ ಸರ್ಕಾರವು ಅಂಗೀಕರಿಸಿದುದು ಆ ವಿನ್ಯಾಸವನ್ನೇ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶವು ಬಂದಿತು. ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ನೀಡಿತು. ಸಾವಿರಾರು ಮಂದಿ ಕನ್ನಡದಲ್ಲಿ ಬೆರಳಚ್ಚು ಮಾಡಲು ಕಲಿತುದು ಇವುಗಳಿಂದಲೇ.

ಪ್ರತಿ ಅಕ್ಷರಕ್ಕೂ ಒಂದು ಸ್ವಂತ ಸ್ಥಾನ

ವೇಷವನ್ನು ಬಿಟ್ಟು ಕನ್ನಡಕ್ಕೆ ಸ್ವಂತ ಸಂಖ್ಯೆಗಳನ್ನೇ ಕೊಡುವುದು ಸರಿಯಾದ ಮಾರ್ಗ. ಭಾರತೀಯ ಭಾಷೆಗಳಿಗಾಗಿ ಇಸ್ಕಿ ಎಂಬ ಪದ್ಧತಿಯು 1988ರಲ್ಲಿ ಸಿದ್ಧವಾಯಿತು. ಅದನ್ನು ಆಧರಿಸಿ, ಲೋಕದ ಎಲ್ಲ ಲಿಪಿಗಳನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಹೊರಟ ಯೂನಿಕೋಡ್, 1991ರ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳನ್ನು ಕಾದಿರಿಸಿತು: 3200ರಿಂದ 3327ರ ವರೆಗೆ. 'ಕ' ಅಕ್ಷರಕ್ಕೆ 3221. ಇದು ಕಡೂರಿನಲ್ಲಿಯೂ 3221, ಕ್ಯಾಲಿಫೋರ್ನಿಯದಲ್ಲಿಯೂ 3221.

'ದೇವನೂರು' ಎಂಬ ಹೆಸರು ಈ ಪದ್ಧತಿಯಲ್ಲಿ 3238, 3271, 3253, 3240, 3266, 3248, 3265 ಎಂಬ ಏಳು ಸಂಖ್ಯೆಗಳ ಸಾಲು: ದ, ಏತ್ವ, ವ, ನ, ಊ ಕಾರದ ಕೊಂಬು, ರ, ಉ ಕಾರದ ಕೊಂಬು. ಒತ್ತಕ್ಷರವು ಇನ್ನೂ ಸ್ವಾರಸ್ಯವಾದುದು. 'ಲಕ್ಷ್ಮೀಶ' ಎಂಬುದರಲ್ಲಿ ಕಿವಿಗೆ ಕೇಳುವ ಅಕ್ಷರಗಳು ಮೂರೇ. ಆದರೆ ಸಂಖ್ಯೆಗಳು ಎಂಟು. 'ಕ್ಷ್ಮೀ' ಎಂಬ ಒಂದೇ ಅಕ್ಷರವು ಕ, ಹಲಂತ, ಷ, ಹಲಂತ, ಮ, ಈತ್ವ ಎಂದು ಆರು ಸಂಖ್ಯೆಗಳಾಗಿ ಉಳಿದಿರುತ್ತದೆ. ಹಲಂತದ ಚಿಹ್ನೆ 3277. ಎರಡು ವ್ಯಂಜನಗಳ ನಡುವೆ ಅದು ಬಂದರೆ ಮುಂದಿನ ವ್ಯಂಜನವನ್ನು ಒತ್ತಾಗಿ ಕೆಳಗೆ ಬರೆಯಬೇಕೆಂದು ಫಾಂಟಿಗೆ ತಿಳಿಯುತ್ತದೆ. ಸಂಗ್ರಹವಾಗುವುದು ಅಕ್ಷರದ ಉಚ್ಚಾರಣೆಯ ಕ್ರಮ; ಅದಕ್ಕೆ ರೂಪವನ್ನು ಕೊಡುವುದು ಫಾಂಟಿನ ಕೆಲಸ. ನಮ್ಮ ವೈಯಾಕರಣರು ಅಕ್ಷರವನ್ನು ಬಿಡಿಸುತ್ತಿದ್ದ ರೀತಿಗೂ ಇದಕ್ಕೂ ಬಹಳ ಹತ್ತಿರದ ಸಂಬಂಧವಿದೆ.

ಪಟ್ಟಿ 1991ರಲ್ಲಿ ಆದರೂ ಅದು ಜನರ ಕೈಗೆ ಬರಲು ದಶಕವೇ ಬೇಕಾಯಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಡನೆ 'ತುಂಗಾ' ಎಂಬ ಕನ್ನಡದ ಯೂನಿಕೋಡ್ ಫಾಂಟು ದೊರೆಯಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಆ ದಶಕದ ಉತ್ತರಾರ್ಧದಲ್ಲಿ ಕನ್ನಡದ ಬ್ಲಾಗುಗಳು ಹೇರಳವಾದುವು. ವಿಜ್ಞಾನ ತಂತ್ರಜ್ಞಾನಗಳಿಗೇ ಮೀಸಲಾದ 'ಇಜ್ಞಾನ' ಜಾಲತಾಣವನ್ನು ಟಿ.ಜಿ. ಶ್ರೀನಿಧಿಯವರು 2007ರಲ್ಲಿ ತೆರೆದರು.

ಪುಟವು ಊರಿಗೆ ಬರುವ ಬಗೆ

ಇನ್ನು ಎರಡನೆಯ ಸಂಗತಿ: ತಪ್ಪಿಲ್ಲದ ಪ್ರತಿ. ಸಂಖ್ಯೆಗಳನ್ನು ಸಾಗಿಸಲು ಇಂದು ಬಳಕೆಯಲ್ಲಿರುವುದು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬವರು 1992ರಲ್ಲಿ ರೂಪಿಸಿದ ಯುಟಿಎಫ್-8 ಎಂಬ ಕ್ರಮ. ಇದರಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು. 'ಕ' ಅಕ್ಷರವು 11100000 10110010 10010101 ಎಂದಾಗುತ್ತದೆ. ಮೊದಲ ಬೈಟಿನ ಆರಂಭದ 1110 ಎಂಬುದು 'ಇದು ಮೂರು ಬೈಟುಗಳ ಅಕ್ಷರ' ಎಂಬ ಸೂಚನೆ. ಮಿಕ್ಕ ಎರಡರ ಆರಂಭದ 10 ಎಂಬುದು 'ಇದು ಮುಂದುವರಿದ ಭಾಗ' ಎಂಬ ಸೂಚನೆ. ಈ ಗುರುತುಗಳನ್ನು ತೆಗೆದು ಉಳಿದುದನ್ನು ಜೋಡಿಸಿದರೆ 110010010101, ಅಂದರೆ 3221. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು.

ಲೇಖನದಲ್ಲಿ 1500 ಪದಗಳಿದ್ದು, ಪದವೊಂದಕ್ಕೆ ಎಂಟು ಸಂಕೇತಗಳೆಂದು ಹಿಡಿದರೆ ಸುಮಾರು 36,000 ಬೈಟುಗಳಾದುವು. ಅವು ಒಟ್ಟಾಗಿ ಸಾಗುವುದಿಲ್ಲ. ಹೆಚ್ಚೆಂದರೆ 1500 ಬೈಟುಗಳ ಪೊಟ್ಟಣಗಳಾಗಿ, ಅಂದರೆ ಸುಮಾರು 25 ಪೊಟ್ಟಣಗಳಾಗಿ ಹೊರಡುತ್ತವೆ. ಪ್ರತಿಯೊಂದರ ಮೇಲೂ ಕಳುಹಿಸಿದವರ ಹಾಗೂ ಪಡೆಯುವವರ ವಿಳಾಸ, ಕ್ರಮಸಂಖ್ಯೆ, ಒಳಗಿನ ಸಂಖ್ಯೆಗಳನ್ನು ಒಂದು ವಿಧದಿಂದ ಕೂಡಿ ಪಡೆದ ಮೊತ್ತ ಇವು ಇರುತ್ತವೆ. ಪಡೆದ ಯಂತ್ರವು ತಾನೂ ಕೂಡಿ ನೋಡುತ್ತದೆ. ಮೊತ್ತವು ತಾಳೆಯಾಗದಿದ್ದರೆ ಆ ಪೊಟ್ಟಣವನ್ನು ಎಸೆಯುತ್ತದೆ. ಅದನ್ನು ಕಳುಹಿಸಿದ ಯಂತ್ರವು ಪುನಃ ಕಳುಹಿಸುತ್ತದೆ. ವಿದ್ವಾಂಸರು ಹಲವು ಓಲೆಪ್ರತಿಗಳನ್ನು ಎದುರಿಟ್ಟುಕೊಂಡು ಪಾಠಾಂತರಗಳನ್ನು ನಿರ್ಣಯಿಸುವಂತೆಯೇ ಇದು; ಆದರೆ ವರ್ಷಗಳ ಕೆಲಸವು ಕ್ಷಣದ ಅಲ್ಪಭಾಗದಲ್ಲಿ ಮುಗಿಯುತ್ತದೆ.

ದೂರದ ಮಾರ್ಗವೆಲ್ಲ ಗಾಜಿನ ಎಳೆಯದು. ಪೂರ್ಣ ಆಂತರಿಕ ಪ್ರತಿಫಲನದಿಂದ ಬೆಳಕು ಎಳೆಯ ಹೊರಗೆ ಸೋರದೆ ಮುಂದೆ ಸಾಗುತ್ತದೆ. ಗಾಜಿನ ವಕ್ರೀಭವನಾಂಕವು ಸುಮಾರು 1.5 ಆದುದರಿಂದ ಅಲ್ಲಿ ಬೆಳಕಿನ ವೇಗವು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು. ಬೆಂಗಳೂರಿನಿಂದ 200 ಕಿಲೋಮೀಟರು ದೂರವನ್ನು ಕ್ರಮಿಸಲು ಬೇಕಾದುದು ಸೆಕೆಂಡಿನ ಸಾವಿರದ ಒಂದು ಭಾಗ. ಆದುದರಿಂದ ಹಳ್ಳಿಯವನಿಗೆ ಪುಟವು ತಡವಾಗಿ ತೆರೆದರೆ ದೋಷವು ದೂರದ್ದಲ್ಲ. ಹಲವು ವೇಳೆ ಅದು ಗೋಪುರದಿಂದ ಮೊಬೈಲಿಗೆ ಬರುವ ರೇಡಿಯೋ ಅಲೆಯ ದುರ್ಬಲತೆ. ಇನ್ನು ಕೆಲವು ವೇಳೆ ಪುಟವನ್ನು ರಚಿಸಿದವನ ಅವಿವೇಕ. ಪಾಠವನ್ನು ಅಕ್ಷರದಲ್ಲಿ ಬರೆಯದೆ, ಕಾಗದದ ಹಾಳೆಯ ಛಾಯಾಚಿತ್ರವನ್ನು ಪುಟಕ್ಕೆ ಅಂಟಿಸುವವರಿದ್ದಾರೆ. ಇಪ್ಪತ್ತು ಲಕ್ಷ ಬೈಟುಗಳ ಒಂದು ಚಿತ್ರವು ಮೇಲೆ ಹೇಳಿದಂಥ ಐವತ್ತಕ್ಕೂ ಹೆಚ್ಚು ಲೇಖನಗಳಷ್ಟು ಭಾರವಾದುದು. ಅಷ್ಟೇ ಅಲ್ಲ, ಚಿತ್ರದೊಳಗಿನ ಪದವನ್ನು ಹುಡುಕುವುದು ಸುಲಭವಲ್ಲ. ದೃಷ್ಟಿಹೀನರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶಕ್ಕೂ ಅದು ಎಟುಕುವುದಿಲ್ಲ. ಅಕ್ಷರವಾಗಿದ್ದರೆ ಯಂತ್ರವೇ ಗಮಕಿಯ ಕೆಲಸವನ್ನು ಮಾಡಬಲ್ಲುದು.

ಉಳಿಸಿಕೊಳ್ಳುವ ಹೊಣೆ

ಮೂರನೆಯದು ಪ್ರತಿಯ ರಕ್ಷಣೆ. ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ವಿಶ್ವವ್ಯಾಪಿ ಜಾಲವನ್ನು ಸೂಚಿಸಿದರು. 1993ರ ಏಪ್ರಿಲ್ 30ರಂದು ಸರ್ನ್ ಅದನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಒಪ್ಪಿಸಿತು. 1999ರಲ್ಲಿ ಬ್ಲಾಗರ್ ಎಂಬ ಸೇವೆ ಬಂದ ಮೇಲೆ ಸಂಕೇತಭಾಷೆಯನ್ನು ಅರಿಯದವರೂ ಪುಟಗಳನ್ನು ಪ್ರಕಟಿಸುವುದು ಸುಲಭವಾಯಿತು. ಹೀಗೆ ಬರೆಯುವುದು ಸುಲಭವಾಯಿತು; ಉಳಿಸುವುದು ಸುಲಭವಾಗಲಿಲ್ಲ. ಜಿಯೋಸಿಟೀಸ್ ಎಂಬ ಪ್ರಸಿದ್ಧ ಸೇವೆಯು 2009ರಲ್ಲಿ ಅಮೆರಿಕದಲ್ಲಿ ಬಾಗಿಲು ಮುಚ್ಚಿದಾಗ ಅಪಾರ ಸಂಖ್ಯೆಯ ಪುಟಗಳು ಮರೆಯಾದುವು. 1996ರಲ್ಲಿ ಸ್ಥಾಪಿತವಾದ ಇಂಟರ್ನೆಟ್ ಆರ್ಕೈವ್‌ನಂಥ ಸಂಸ್ಥೆಗಳು ಪ್ರತಿ ಮಾಡಿಟ್ಟುಕೊಂಡುದರಿಂದ ಒಂದು ಭಾಗ ಮಾತ್ರ ಉಳಿಯಿತು. ಜಾಲತಾಣದ ಹೆಸರಿನ ವಾರ್ಷಿಕ ಬಾಡಿಗೆಯನ್ನು ಕಟ್ಟಲು ಮರೆತರೂ ಸಾಕು, ವರ್ಷಗಳ ಶ್ರಮವು ಕಾಣದಂತಾಗುತ್ತದೆ. ಓಲೆಗರಿಯನ್ನು ಗೆದ್ದಲು ತಿನ್ನಲು ಕಾಲ ಹಿಡಿಯುತ್ತಿತ್ತು. ಇಲ್ಲಿ ಒಂದು ರಾತ್ರಿ ಸಾಕು.

1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಕೂಡಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ನಡೆದುದು ಸುಮಾರು ಎರಡು ವರ್ಷ. ಆದರೂ ಅದರ ಸಂಚಿಕೆಗಳನ್ನು ಯಾರೋ ಕೆಲವರು ಜೋಪಾನವಾಗಿಟ್ಟುದರಿಂದ ಅಂದಿನ ವಿಜ್ಞಾನ ಬರಹದ ಸೊಗಸು ನಮಗೆ ತಿಳಿದಿದೆ. ಬೆಳ್ಳಾವೆಯವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರು. ಪಂಪಭಾರತವನ್ನು ಪರಿಷ್ಕರಿಸಿದವರೂ ಅವರೇ. ವಿಜ್ಞಾನವನ್ನು ಕನ್ನಡದಲ್ಲಿ ಹೇಳುವುದೂ ಹಳೆಯ ಪ್ರತಿಯನ್ನು ಶುದ್ಧಗೊಳಿಸುವುದೂ ಅವರಿಗೆ ಬೇರೆ ಬೇರೆ ಕೆಲಸಗಳಾಗಿ ತೋರಲಿಲ್ಲ.

ನನ್ನ ಪಾಠಗಳ ಕಥೆಯನ್ನು ಮುಗಿಸಬೇಕು. ಅವುಗಳನ್ನು ಪರಿವರ್ತಕ ತಂತ್ರಾಂಶವೊಂದರ ಮೂಲಕ ಯೂನಿಕೋಡಿಗೆ ತಂದೆನು. ಬಹುಪಾಲು ಸರಿಯಾಯಿತು, ಅರ್ಕಾವತ್ತು ಮಾತ್ರ ಕೈಕೊಟ್ಟಿತು. ಹಳೆಯ ಫಾಂಟಿನಲ್ಲಿ ಅದು ವ್ಯಂಜನದ ಬಲಗಡೆಯಲ್ಲಿ ಕೂರುತ್ತದೆ, ಉಚ್ಚಾರಣೆಯಲ್ಲಿಯಾದರೋ ರಕಾರವು ಮೊದಲು ಬರುತ್ತದೆ. ಕ್ರಮವನ್ನು ತಿರುಗಿಸಲು ಯಂತ್ರವು ಮರೆತಲ್ಲೆಲ್ಲ 'ಸೂರ್ಯ'ನು 'ಸೂಯರ್' ಆಗಿದ್ದನು, 'ಕಾರ್ಯ'ವು 'ಕಾಯರ್' ಆಗಿತ್ತು. ಮೊಬೈಲನ್ನು ತಂದು ತೋರಿಸಿದ ಆ ವಿದ್ಯಾರ್ಥಿಯೇ ತನ್ನ ಇಬ್ಬರು ಗೆಳೆಯರೊಡನೆ ಕುಳಿತು ಪ್ರತಿಯೊಂದು ಪುಟವನ್ನೂ ತಿದ್ದಿದನು. ತಿದ್ದುತ್ತ ತಿದ್ದುತ್ತ ಪಾಠಗಳನ್ನೂ ಕಲಿತನು. ಎರಡು ಕಡೆ ನನ್ನ ವಿವರಣೆಯೇ ತಪ್ಪೆಂದು ತೋರಿಸಿಕೊಟ್ಟನು. ಆ ತಿದ್ದುಪಡಿಗಳು ಅವುಗಳ ದಿನಾಂಕದೊಡನೆ ಇಂದಿಗೂ ಪುಟದ ಕೆಳಗಿವೆ.

ತರುಣ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ. ನಿಮಗೆ ಚೆನ್ನಾಗಿ ತಿಳಿದ ಒಂದು ವಿಷಯವನ್ನು, ನಿಮ್ಮ ಊರಿನ ತಮ್ಮ ತಂಗಿಯರಿಗೆ ತಿಳಿಯುವ ಮಾತಿನಲ್ಲಿ, ಒಂದು ಪುಟದಷ್ಟು ಬರೆಯಿರಿ. ಅದು ಯೂನಿಕೋಡಿನಲ್ಲಿರಲಿ. ಪ್ರಕಟಿಸುವ ಮುನ್ನ ಬೇರೊಬ್ಬರ ಮೊಬೈಲಿನಲ್ಲಿ ತೆರೆದು ನೋಡಿರಿ. ತಪ್ಪು ತೋರಿಸಿದವರಿಗೆ ವಂದಿಸಿ ತಿದ್ದಿರಿ. ಅದರ ಪ್ರತಿಯನ್ನು ಮೂರು ಕಡೆ ಇಟ್ಟುಕೊಳ್ಳಿರಿ; ಪ್ರತಿ ಮಾಡಿಕೊಳ್ಳಲು ಇತರರಿಗೂ ಅನುಮತಿ ಕೊಡಿರಿ. ಜೈಮಿನಿ ಭಾರತವು ನಮ್ಮ ಕಾಲದವರೆಗೆ ಬಂದುದು ಹೀಗೆ ಪ್ರತಿ ಮಾಡಿಕೊಂಡವರಿಂದಲೇ.